ಐಟಿಐ, ಡಿಪ್ಲೊಮಾ, ಬಿಇ: ಮೆಕ್ಯಾನಿಕಲ್ ಓದಿಗೆ ಯಾವ ದಾರಿ ಹಿಡಿಯಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಭಾಗದ ಮನೆಗಳಲ್ಲಿ ಒಂದು ಲೆಕ್ಕ ತಪ್ಪುತ್ತಲೇ ಇರುತ್ತದೆ. ಪಿಯುಸಿ ಓದಿದರೆ ಬೇಗ ಎಂಜಿನಿಯರ್ ಆಗಬಹುದು, ಡಿಪ್ಲೊಮಾ ಅಂದರೆ ಸುತ್ತಿನ ದಾರಿ ಎಂಬ ಲೆಕ್ಕ ಅದು. ಬೆರಳು ಮಡಚಿ ಎಣಿಸಿ ನೋಡಿ. ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ, ಡಿಪ್ಲೊಮಾದವರ ಬಿಇ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಿದರೆ ಇನ್ನು 3 ವರ್ಷ, ಒಟ್ಟು ಮತ್ತೆ 6. ಐಟಿಐಯಿಂದ ಹೊರಟರೂ 2 ವರ್ಷದ ಟ್ರೇಡ್, ಆಮೇಲೆ ಡಿಪ್ಲೊಮಾದ ಮೂರನೇ ಸೆಮಿಸ್ಟರ್‌ಗೆ ನೇರ ಪ್ರವೇಶ ಪಡೆದು 2 ವರ್ಷ, ಮುಂದೆ ಬಿಇಗೆ 3 ವರ್ಷ, ಒಟ್ಟು 7. ಉದ್ದದ ದಾರಿಗೂ ಗಿಡ್ಡ ದಾರಿಗೂ ಒಂದೇ ವರ್ಷದ ಅಂತರ.

ಹಾಗಾಗಿ ಆಯ್ಕೆಯನ್ನು ವರ್ಷದಿಂದ ಅಳೆಯಬೇಡಿ. ಎರಡು ಪ್ರಶ್ನೆ ಕೇಳಿಕೊಳ್ಳಿ. ಮನೆಯ ಪರಿಸ್ಥಿತಿಯಿಂದ ಓದು ನಡುವೆ ನಿಂತರೆ ಕೈಯಲ್ಲಿ ಏನಿರುತ್ತದೆ? ತರಗತಿಯಲ್ಲಿ ದಿನವಿಡೀ ಮಾಡುವ ಕೆಲಸ ಯಾವುದು, ಕೈಯದೋ, ನಕ್ಷೆಯದೋ, ಗಣಿತದ್ದೋ? ಮೊದಲನೆಯದಕ್ಕೆ ಉತ್ತರ ಸರಳ. ಎರಡು ವರ್ಷಕ್ಕೆ ಐಟಿಐ ಪ್ರಮಾಣಪತ್ರ ಸಿಗುತ್ತದೆ, ಮೂರು ವರ್ಷಕ್ಕೆ ಡಿಪ್ಲೊಮಾ ಸಿಗುತ್ತದೆ. ಪಿಯುಸಿ ಮುಗಿಸಿ ಬಿಇ ಎರಡನೇ ವರ್ಷಕ್ಕೆ ಬಿಟ್ಟರೆ ಕೈಯಲ್ಲಿ ಉಳಿಯುವುದು ಪಿಯುಸಿ ಅಂಕಪಟ್ಟಿ ಮಾತ್ರ. ಎರಡನೆಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು.

ಒಂದು ಶಾಫ್ಟ್, ಮೂರು ಓದು

ಗಂಗಾವತಿ, ಸಿಂಧನೂರು, ಸಿರುಗುಪ್ಪ, ಎಲ್ಲಿಯ ರೈಸ್ ಮಿಲ್‌ಗೆ ಹೋದರೂ ಕಿವಿಗೆ ಬೀಳುವ ಮಾತು: "ಬೇರಿಂಗ್ ಹೊಸದು ಹಾಕಿದ್ರೂ ನಿಲ್ಲವಲ್ದು, ಶಾಫ್ಟ್ ತಿಂದೈತಿ." ಭತ್ತ ಮೇಲೆತ್ತುವ ಎಲಿವೇಟರ್ ತಲೆಯಲ್ಲಿ ತಿರುಗುವ ಶಾಫ್ಟ್ (ಉಕ್ಕಿನ ದುಂಡು ದಂಡ) ಎಂದುಕೊಳ್ಳಿ, ಬೇರಿಂಗ್ 6308. ಕೊನೆಯ ಎರಡು ಅಂಕಿ 08ನ್ನು 5ರಿಂದ ಗುಣಿಸಿದರೆ 40. ಅಂದರೆ ಒಳ ತೂತು 40 ಮಿ.ಮೀ. ಹೊರ ವ್ಯಾಸ 90, ಅಗಲ 23.

ಐಟಿಐ ಫಿಟ್ಟರ್ ಮೊದಲು ಮೈಕ್ರೋಮೀಟರ್ ಹಿಡಿಯುತ್ತಾನೆ. ಒಳರಿಂಗ್ ಶಾಫ್ಟ್ ಜೊತೆ ತಿರುಗುವ ಇಂಥ ಕಡೆ ಶಾಫ್ಟ್ ಬೇರಿಂಗ್‌ಗಿಂತ ಕೂದಲಷ್ಟು ದಪ್ಪ ಇರಬೇಕು. k6 ಎಂಬ ಅಳತೆಯಲ್ಲಿ 40 ಮಿ.ಮೀ. ಶಾಫ್ಟ್ 40.002ರಿಂದ 40.018 ಮಿ.ಮೀ. ಒಳಗೆ ಬರಬೇಕು. ಬೇರಿಂಗ್ ತೂತು 39.988ರಿಂದ 40.000ದವರೆಗೆ ಇರುತ್ತದೆ. ತಿಂದುಹೋದ ಶಾಫ್ಟ್ 39.94 ತೋರಿಸಿದರೆ ಸುಮಾರು 0.05 ಮಿ.ಮೀ. ಸಡಿಲ ಬಂದಂತೆ. ಅಷ್ಟು ಸಾಕು. ಒಳರಿಂಗ್ ಶಾಫ್ಟ್ ಮೇಲೆ ನಿಧಾನವಾಗಿ ಜಾರುತ್ತಾ ಉಜ್ಜುತ್ತದೆ, ಬಿಸಿಯಾಗುತ್ತದೆ, ಕಂದು ಪುಡಿ ಉದುರುತ್ತದೆ. ಇಲ್ಲಿ ಬಹಳ ಕಡೆ ಸೆಂಟರ್ ಪಂಚ್‌ನಿಂದ ಶಾಫ್ಟ್ ಮೈತುಂಬ ಚುಕ್ಕಿ ಹೊಡೆದು ಬೇರಿಂಗ್ ಬಿಗಿ ಮಾಡುತ್ತಾರೆ. ಚುಕ್ಕಿಯ ಸುತ್ತ ಎದ್ದ ಸಣ್ಣ ದಿಬ್ಬಗಳು ಮಾತ್ರ ರಿಂಗನ್ನು ಮುಟ್ಟುತ್ತವೆ, ನಾಲ್ಕಾರು ದಿನದಲ್ಲಿ ಅವೂ ಸವೆದು ಮೊದಲಿನಂತೆಯೇ ಆಗುತ್ತದೆ. ಸುತ್ತಿಗೆಯಿಂದ ಹೊರರಿಂಗ್ ಮೇಲೆ ಬಡಿದು ಕೂಡಿಸುವುದು ಇನ್ನೊಂದು ತಪ್ಪು. ಏಟು ಗುಂಡುಗಳ ಮೂಲಕ ಹಾದುಹೋಗಿ ಹಳಿಯಲ್ಲಿ ಕುಳಿ ಬೀಳುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ. ಇದನ್ನು ಕಣ್ಣಿಂದ ಗುರುತಿಸಿ ಕೈಯಿಂದ ಸರಿ ಮಾಡುವುದು ಐಟಿಐ ಕಲಿಸುವ ವಿದ್ಯೆ.

ಡಿಪ್ಲೊಮಾ ಓದಿದವನು ಅದೇ ಶಾಫ್ಟ್ ಮುಂದೆ ನಿಂತು ದುರಸ್ತಿಯ ಕ್ರಮ ಬರೆಯಬೇಕು. ಲೋಹ ಇಎನ್8 ಎಂಬ ಬಗೆಯ ಉಕ್ಕು ಆಗಿದ್ದರೆ ಇಂಗಾಲ ಸುಮಾರು 0.4 ಶೇಕಡಾ. ತಣ್ಣಗಿದ್ದಾಗಲೇ ವೆಲ್ಡ್ ತುಂಬಿದರೆ ಪಕ್ಕದ ಲೋಹ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅದಕ್ಕೇ 150ರಿಂದ 200 ಡಿಗ್ರಿವರೆಗೆ ಮೊದಲೇ ಕಾಯಿಸಿ, ಒಣಗಿಸಿದ ಕಡಿಮೆ ಹೈಡ್ರೋಜನ್ ಎಲೆಕ್ಟ್ರೋಡ್‌ನಿಂದ ತುಂಬಿ, ಸುಣ್ಣದ ಪುಡಿಯಲ್ಲೋ ಒಣ ಮರಳಲ್ಲೋ ಮುಚ್ಚಿ ನಿಧಾನವಾಗಿ ಆರಿಸಬೇಕು. ಆಮೇಲೆ ಲೇತ್‌ನಲ್ಲಿ ಸೆಂಟರ್‌ಗಳ ನಡುವೆ ಹಿಡಿದು ತಿರುವಿ k6ಕ್ಕೆ ತರಬೇಕು. ಬೇರಿಂಗನ್ನು ಕಾಯಿಸಿ ಕೂಡಿಸುವ ಲೆಕ್ಕವೂ ಇವನದೇ. ಉಕ್ಕು ಒಂದು ಡಿಗ್ರಿಗೆ ಹಿಗ್ಗುವುದು ಉದ್ದದ ದಶಲಕ್ಷದ 12 ಭಾಗ. ರಾಯಚೂರಿನ ಬೇಸಿಗೆಯಲ್ಲಿ ಶಾಫ್ಟ್ 40 ಡಿಗ್ರಿಯಲ್ಲಿದೆ, ಬೇರಿಂಗನ್ನು 110ಕ್ಕೆ ಕಾಯಿಸಿದ್ದೀರಿ. ಅಂತರ 70 ಡಿಗ್ರಿ. 40 ಮಿ.ಮೀ. ತೂತು ಹಿಗ್ಗುವುದು 40 × 70 × 0.000012, ಅಂದರೆ 0.0336 ಮಿ.ಮೀ. ಅತಿ ಬಿಗಿಯಾದ ಜೋಡಿಯಲ್ಲೂ ಬೇಕಿರುವುದು 0.030 ಮಾತ್ರ. ಬೇರಿಂಗ್ ಕೈಯಿಂದಲೇ ಜಾರಿ ಕೂರುತ್ತದೆ, ಸುತ್ತಿಗೆ ಬೇಡ. ಗ್ಯಾಸ್ ಬತ್ತಿಯ ಉರಿ ನೇರ ಹಿಡಿದು 120 ಡಿಗ್ರಿ ದಾಟಿಸಿದರೆ ಬೇರಿಂಗ್‌ನ ಗಟ್ಟಿತನಕ್ಕೇ ಕುತ್ತು.

ಬಿಇ ಓದಿದವನಿಗೆ ಬರುವ ಪ್ರಶ್ನೆಯೇ ಬೇರೆ: ಈ ಶಾಫ್ಟ್ ವರ್ಷಕ್ಕೆ ಎರಡು ಸಲ ಯಾಕೆ ತಿನ್ನುತ್ತದೆ? 11 ಕಿಲೋವಾಟ್ ಮೋಟರ್, ಬೆಲ್ಟ್ ಇಳಿಸಿದ ಮೇಲೆ ಶಾಫ್ಟ್ ವೇಗ ನಿಮಿಷಕ್ಕೆ 480 ಸುತ್ತು. ತಿರುಚುಬಲ 9550 × 11 ÷ 480, ಸುಮಾರು 219 ನ್ಯೂಟನ್ ಮೀಟರ್. 40 ಮಿ.ಮೀ. ಶಾಫ್ಟ್‌ನಲ್ಲಿ ಇದರಿಂದ ಏಳುವ ಒತ್ತಡ ಸುಮಾರು 17 ಮೆಗಾಪಾಸ್ಕಲ್, ಗಾಬರಿಯ ಅಂಕಿ ಅಲ್ಲ. ಆದರೆ ಬೆಲ್ಟ್ ಎಳೆತದಿಂದ ಬರುವ ಬಾಗುಬಲ ಸೇರಿಸಿದಾಗ ಚಿತ್ರ ಬದಲಾಗುತ್ತದೆ. ಬೆಲ್ಟ್ ಜಾರುತ್ತದೆಂದು ಅತಿಯಾಗಿ ಬಿಗಿದಿದ್ದರೆ ಬೇರಿಂಗ್ ಮೇಲಿನ ಭಾರ ಇಮ್ಮಡಿಯಾಗಬಹುದು. ಗುಂಡು ಬೇರಿಂಗ್‌ನಲ್ಲಿ ಭಾರ ಇಮ್ಮಡಿಯಾದರೆ ಆಯಸ್ಸು ಎಂಟನೇ ಒಂದಕ್ಕೆ ಇಳಿಯುತ್ತದೆ. ಇನ್ನು ತಿಂದ ಜಾಗವನ್ನು 36 ಮಿ.ಮೀ.ಗೆ ತಿರುವಿ ಬುಷ್ (ಲೋಹದ ಬಳೆ) ಹಾಕಿಬಿಡೋಣ ಎಂದು ಯಾರಾದರೂ ಹೇಳಿದರೆ ಬಿಇ ಓದಿದವನು ಘನದ ಲೆಕ್ಕ ತೋರಿಸಬೇಕು. 40ನ್ನು 36ರಿಂದ ಭಾಗಿಸಿ ಘನ ಮಾಡಿದರೆ 1.37. ನಾಲ್ಕು ಮಿ.ಮೀ. ತೆಗೆದದ್ದಕ್ಕೆ ಒತ್ತಡ 37 ಶೇಕಡಾ ಏರಿತು. ಶಾಫ್ಟ್ ದಪ್ಪ ಬದಲಾಗುವ ಮೆಟ್ಟಿಲ ಮೂಲೆಯನ್ನು ದುಂಡಗೆ ಮಾಡದೆ ಚೂಪಾಗಿ ಬಿಟ್ಟರೆ ಬಿರುಕು ಹುಟ್ಟುವುದೂ ಅಲ್ಲೇ.

ಈ ಮೂರು ಕೆಲಸಗಳಲ್ಲಿ ಮೇಲು ಕೀಳಿಲ್ಲ. ಲೆಕ್ಕ ಸರಿಯಿದ್ದು ಕೂಡಿಸುವ ಕೈ ತಪ್ಪಿದರೂ ಬೇರಿಂಗ್ ಹೋಗುತ್ತದೆ, ಕೈ ಸರಿಯಿದ್ದು ಲೆಕ್ಕ ತಪ್ಪಿದರೂ ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಲು ವಿನ್ಯಾಸಕಾರರು, ವೆಲ್ಡರ್‌ಗಳು, ಕ್ರೇನ್ ನಡೆಸುವವರು ಎಲ್ಲರೂ ಬೇಕಾದರು. ನಿಮ್ಮ ಮನಸ್ಸು ಈ ಮೂರರಲ್ಲಿ ಯಾವುದನ್ನು ಓದುವಾಗ ಚುರುಕಾಯಿತು ಎಂಬುದನ್ನು ಗಮನಿಸಿ. ಆಯ್ಕೆಗೆ ಅದು ಅಂಕಪಟ್ಟಿಗಿಂತ ಒಳ್ಳೆಯ ಗುರುತು.

ಐಟಿಐ: ಟ್ರೇಡ್ ಆರಿಸುವುದರಲ್ಲೇ ಎಲ್ಲ ಇದೆ

ಐಟಿಐ ಎಂಬ ಒಂದೇ ಹೆಸರಿನಡಿ ಬಹಳ ಬೇರೆಬೇರೆ ಓದುಗಳಿವೆ. ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಎರಡು ವರ್ಷದವು. ವೆಲ್ಡರ್ ಒಂದು ವರ್ಷ. ಮುಂದೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಹೋಗುವ ಆಸೆ ಇದ್ದರೆ ಎರಡು ವರ್ಷದ ಟ್ರೇಡ್ ಅನ್ನೇ ಹಿಡಿಯಿರಿ. ಇದು ಗೊತ್ತಿಲ್ಲದೆ ಒಂದು ವರ್ಷದ ಟ್ರೇಡ್ ಸೇರಿ ಆಮೇಲೆ ಪರಿತಪಿಸುವವರು ಇದ್ದಾರೆ.

ಫಿಟ್ಟರ್ ಓದಿನ ಮೊದಲ ತಿಂಗಳುಗಳು ಬೇಸರ ತರುತ್ತವೆ, ಅದನ್ನು ಮೊದಲೇ ತಿಳಿದಿರಿ. ವೈಸ್‌ನಲ್ಲಿ ಉಕ್ಕಿನ ತುಂಡು ಹಿಡಿದು ದಿನವಿಡೀ ಅರ ಉಜ್ಜುವುದು. ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜು. ಅರವನ್ನು ತೂಗಿದಂತೆ ಆಡಿಸಿದರೆ ಮೈ ನಡುವೆ ಉಬ್ಬುತ್ತದೆ, ಅಂಚು ಇಳಿಯುತ್ತದೆ. ಹೊಸಬರೆಲ್ಲ ಮಾಡುವ ತಪ್ಪು ಇದೇ. ಎರಡೂ ಕೈಯ ಒತ್ತಡವನ್ನು ಅರ ಮುಂದೆ ಸಾಗಿದಂತೆ ಬದಲಾಯಿಸಬೇಕು: ಶುರುವಿನಲ್ಲಿ ಎಡಗೈ ಒತ್ತು, ಕೊನೆಯಲ್ಲಿ ಬಲಗೈ ಒತ್ತು. ಇದು ಮೈಗೆ ಬರದವನಿಗೆ ಮುಂದೆ ಎರಡು ಶಾಫ್ಟ್ ಕೂಡಿಸುವ ಕಪ್ಲಿಂಗ್ ಅಲೈನ್ ಮಾಡುವ, ಅಂದರೆ ಒಂದೇ ಗೆರೆಗೆ ತರುವ ತಾಳ್ಮೆಯೂ ಬರುವುದಿಲ್ಲ. ಅಲೈನ್‌ಮೆಂಟ್‌ನಲ್ಲೂ ಒಂದು ಖಾಯಂ ತಪ್ಪಿದೆ. ಡಯಲ್ ಗೇಜ್ ಕಪ್ಲಿಂಗ್ ಸುತ್ತ ಒಂದು ಸುತ್ತು ಬಂದಾಗ 0.40 ತೋರಿಸಿದರೆ ಶಾಫ್ಟ್ ಎತ್ತರದ ವ್ಯತ್ಯಾಸ ಅದರ ಅರ್ಧ, 0.20. ಅರ್ಧ ಮಾಡದೆ 0.40ರ ಶಿಮ್ (ತೆಳು ತಗಡು) ತುರುಕಿದರೆ ತಪ್ಪು ಆಚೆ ಕಡೆಗೆ ಅಷ್ಟೇ ಆಗುತ್ತದೆ.

ಟರ್ನರ್ ಮತ್ತು ಮೆಷಿನಿಸ್ಟ್ ಟ್ರೇಡ್‌ಗಳಿಗೆ ನಮ್ಮ ಭಾಗದಲ್ಲಿ ಕೇಳುವವರು ಕಡಿಮೆ, ಎಲ್ಲರೂ ಎಲೆಕ್ಟ್ರಿಷಿಯನ್ ಮತ್ತು ಫಿಟ್ಟರ್ ಎನ್ನುತ್ತಾರೆ. ಕೈ ಸ್ಥಿರ ಇರುವ, ಅಳತೆಯಲ್ಲಿ ಖುಷಿ ಪಡುವ ಹುಡುಗ ಹುಡುಗಿಯರಿಗೆ ಟರ್ನರ್ ಒಳ್ಳೆಯ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ. ಲೇತ್ ಗಟ್ಟಿಯಾಗಿ ಕಲಿತವರಿಗೆ ಕಂಪ್ಯೂಟರ್ ನಡೆಸುವ ಯಂತ್ರವಾದ ಸಿಎನ್‌ಸಿ ಬೇಗ ಹತ್ತುತ್ತದೆ. ಇಲ್ಲಿ ಬೇಕಾಗುವ ಗಣಿತವೂ ಸಣ್ಣದೇ, ಆದರೆ ತಪ್ಪುವಂತಿಲ್ಲ. 80 ಮಿ.ಮೀ. ಉದ್ದದಲ್ಲಿ 40ರಿಂದ 32ಕ್ಕೆ ಇಳಿಯುವ ಟೇಪರ್ ಎಂದರೆ 8ನ್ನು 160ರಿಂದ ಭಾಗಿಸಬೇಕು, 0.05, ಕೋನ 2 ಡಿಗ್ರಿ 52 ಮಿನಿಟ್. ಎರಡರಿಂದ ಗುಣಿಸಲು ಮರೆತು 80ರಿಂದ ಭಾಗಿಸಿದವನ ಟೇಪರ್ ಹತ್ತಿರಹತ್ತಿರ ಆರು ಡಿಗ್ರಿ ಆಗಿ ತುಂಡು ಗುಜರಿಗೆ ಹೋಗುತ್ತದೆ.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್ ಮಾಡದೆ ನೇರ ಕೆಲಸಕ್ಕೆ ಹೋಗಬೇಡಿ. ದೊಡ್ಡ ಕಾರ್ಖಾನೆಯ ಅಪ್ರೆಂಟಿಸ್ ಪ್ರಮಾಣಪತ್ರ ಮುಂದಿನ ಅರ್ಜಿಗಳಲ್ಲಿ ತೂಗುತ್ತದೆ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಟ್ರೇಡ್‌ಗಳು ಅರ್ಹತೆ. ಜೂನಿಯರ್ ಎಂಜಿನಿಯರ್ ಹುದ್ದೆಗೆ ಐಟಿಐ ಸಾಲದು, ಡಿಪ್ಲೊಮಾ ಬೇಕು.

ಡಿಪ್ಲೊಮಾ: ನಡುವಿನ ದಾರಿ, ಆದರೆ ಸುಲಭದ್ದಲ್ಲ

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ಪಾಲಿಟೆಕ್ನಿಕ್‌ಗಳಿವೆ. ಪ್ರವೇಶ ಎಸ್ಸೆಸ್ಸೆಲ್ಸಿ ಅಂಕಗಳ ಮೇಲೆ. ಮೊದಲ ವರ್ಷ ಗಣಿತ, ಡ್ರಾಯಿಂಗ್, ವರ್ಕ್‌ಶಾಪ್, ವಿದ್ಯುತ್ತಿನ ಮೂಲಪಾಠ. ಎರಡನೇ ವರ್ಷ ಲೋಹಗಳ ಬಲ, ಮೆಷಿನ್ ಟೂಲ್, ಎರಕ ಮತ್ತು ವೆಲ್ಡಿಂಗ್, ಹೈಡ್ರಾಲಿಕ್ಸ್, ಥರ್ಮಲ್, ಸಿಎನ್‌ಸಿ. ಕೊನೆಯ ವರ್ಷ ವಿಶೇಷ ವಿಷಯ, ಇಂಟರ್ನ್‌ಶಿಪ್, ಪ್ರಾಜೆಕ್ಟ್. ಪಠ್ಯಕ್ರಮ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ, ಅಣ್ಣನ ಹಳೆಯ ಪುಸ್ತಕ ಕೊಳ್ಳುವ ಮೊದಲು ಸ್ಕೀಮ್ ಯಾವುದೆಂದು ನೋಡಿ.

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರ್‌ನಲ್ಲಿ ಎಡವುವುದು ಬುದ್ಧಿ ಸಾಲದೆ ಅಲ್ಲ. ಸ್ಟ್ರೆಸ್, ಸ್ಟ್ರೇನ್, ಟಾರ್ಕ್, ಟಾಲರೆನ್ಸ್ ಎಂಬ ಐವತ್ತು ಅರವತ್ತು ಪದಗಳು ಅರ್ಥವಿಲ್ಲದೆ ಕಿವಿಗೆ ಬೀಳುತ್ತವೆ, ಅದಕ್ಕೆ. ಒಂದು ನೋಟ್‌ಬುಕ್ ಇಟ್ಟು ಎಡಕ್ಕೆ ಪದ, ಬಲಕ್ಕೆ ಕನ್ನಡದಲ್ಲಿ ಒಂದು ಸಾಲು, ಕೆಳಗೆ ಚಿತ್ರ ಬರೆದುಕೊಂಡರೆ ಎರಡು ತಿಂಗಳಲ್ಲಿ ಭಾಷೆಯ ಗೋಡೆ ತಗ್ಗುತ್ತದೆ. ಇಡೀ ಪಾಠ ಬಾಯಿಪಾಠ ಮಾಡುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ.

ಡ್ರಾಯಿಂಗ್ ಇನ್ನೊಂದು ಗಂಡಾಂತರ. ನಮ್ಮಲ್ಲಿ ಮೊದಲ ಕೋನದ ಪ್ರಕ್ಷೇಪ ನಡೆಯುತ್ತದೆ: ವಸ್ತುವಿನ ಎಡದಿಂದ ಕಂಡ ನೋಟವನ್ನು ಮುಂಭಾಗದ ಬಲಕ್ಕೆ ಬರೆಯಬೇಕು, ಮೇಲಿನಿಂದ ಕಂಡದ್ದನ್ನು ಕೆಳಗೆ. ಇಂಟರ್‌ನೆಟ್‌ನ ಅನೇಕ ವಿಡಿಯೊಗಳಲ್ಲಿ ಮೂರನೇ ಕೋನ ಇರುತ್ತದೆ, ನೋಟಗಳು ತಿರುವುಮುರುವು. ಎರಡನ್ನೂ ಬೆರೆಸಿಕೊಂಡವನ ಹಾಳೆ ಪೂರ್ತಿ ತಪ್ಪು. ಒಂದು ಸೋಪಿನ ತುಂಡನ್ನು ಮೆಟ್ಟಿಲಿನ ಆಕಾರಕ್ಕೆ ಕತ್ತರಿಸಿ ಎದುರಿಗಿಟ್ಟುಕೊಂಡು ಮೂರು ನೋಟ ಬರೆಯಿರಿ. ಹತ್ತು ತುಂಡು ಮುಗಿಯುವಷ್ಟರಲ್ಲಿ ಕಣ್ಣು ಪಳಗುತ್ತದೆ. ಕಂಪ್ಯೂಟರ್‌ನಲ್ಲಿ ಚಿತ್ರ ಬರೆಯುವುದು ಆಮೇಲಿನ ಮಾತು. ಕಣ್ಣು ಪಳಗದಿದ್ದರೆ ಸಾಫ್ಟ್‌ವೇರ್ ನೆರವಿಗೆ ಬರುವುದಿಲ್ಲ.

ಲ್ಯಾಬ್‌ನಲ್ಲಿ ಅಂಕಿ ಬರೆಯುವ ಮೊದಲು ಅಂದಾಜು ಕಟ್ಟುವ ಅಭ್ಯಾಸ ಬೆಳೆಸಿಕೊಳ್ಳಿ. ಎಳೆದು ಮುರಿಯುವ ಯಂತ್ರಕ್ಕೆ 12 ಮಿ.ಮೀ. ಮೆದು ಉಕ್ಕಿನ ಸರಳು ಹಾಕುತ್ತೀರಿ. ಅಡ್ಡಕೊಯ್ತದ ವಿಸ್ತಾರ 113 ಚದರ ಮಿ.ಮೀ., 250 ಮೆಗಾಪಾಸ್ಕಲ್‌ಗೆ ಲೋಹ ಸೋಲುತ್ತದೆ ಎಂದರೆ ಮುಳ್ಳು 28 ಕಿಲೋನ್ಯೂಟನ್ ಸುಮಾರಿಗೆ ತಡವರಿಸಬೇಕು. ನಿಮ್ಮ ಪುಸ್ತಕದಲ್ಲಿ 280 ಬಂದಿದ್ದರೆ ಓದಿದ ಮಾಪಕವೇ ತಪ್ಪು. ಹಿಂದಿನ ಬ್ಯಾಚ್‌ನ ರೆಕಾರ್ಡ್ ನೋಡಿ ನಕಲು ಮಾಡಿದವರಿಗೆ ಈ ತಪ್ಪು ಯಾವತ್ತೂ ಕಾಣುವುದಿಲ್ಲ.

ಡಿಪ್ಲೊಮಾದಲ್ಲೇ ಇನ್ನೊಂದು ಬಗೆ ಇದೆ, ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ ಮೇಕಿಂಗ್. ಮೂರು ವರ್ಷ ಕೇಂದ್ರದಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ, ಒಟ್ಟು ನಾಲ್ಕು. ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲೂ ಹೊಸಪೇಟೆಯಲ್ಲೂ ಕೇಂದ್ರಗಳಿವೆ. ದಿನದ ಬಹುಪಾಲು ಯಂತ್ರದ ಮುಂದೆ ಕಳೆಯುವ ಓದು ಇದು. ಬೆಂಗಳೂರು, ಹೊಸೂರು ಕಡೆಯ ಅಚ್ಚು ತಯಾರಿಕೆಗೆ ಹೋಗಲು ಸಿದ್ಧರಿರುವವರಿಗೆ ಸಾಮಾನ್ಯ ಡಿಪ್ಲೊಮಾಕ್ಕಿಂತ ಇದು ಒಳ್ಳೆಯದು. ಊರಿನ ಹತ್ತಿರವೇ ಉಳಿಯಬೇಕು, ಮುಂದೆ ಬಿಇ ಮಾಡಬೇಕು ಎನ್ನುವವರಿಗೆ ಪಾಲಿಟೆಕ್ನಿಕ್ ಸೂಕ್ತ.

ಪಿಯುಸಿ ಮೂಲಕ ಬಿಇ

ಗಣಿತ ಕಂಡರೆ ಹಸಿವಾಗುವವರಿಗೆ ಈ ದಾರಿ. ಹಾಗಲ್ಲದವರು ಮೆಕ್ಯಾನಿಕಲ್ ಸೀಟು ಸುಲಭವಾಗಿ ಸಿಕ್ಕಿತು, ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಸೇರಿ ನಾಲ್ಕು ವರ್ಷ ನರಳಬಾರದು. ಕೆಸಿಇಟಿ ರ‍್ಯಾಂಕ್‌ಗೆ ಪಿಯುಸಿ ಅಂಕವೂ ಸಿಇಟಿ ಅಂಕವೂ ಅರ್ಧರ್ಧ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಬೋರ್ಡ್ ಪರೀಕ್ಷೆ ಕಡೆಗಣಿಸಿ ಬರೀ ಸಿಇಟಿ ಕೋಚಿಂಗ್‌ಗೆ ಓಡುವುದು ನಷ್ಟ.

ಬಳ್ಳಾರಿಯಲ್ಲಿ ಆರ್‌ವೈಎಂಇಸಿ ಮತ್ತು ಬಿಐಟಿಎಂ, ರಾಯಚೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಕೊಪ್ಪಳ ಜಿಲ್ಲೆಯ ತಳಕಲ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಎಲ್ಲವೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿವೆ. ಪಠ್ಯ ಹೆಚ್ಚುಕಡಿಮೆ ಒಂದೇ, ದೊಡ್ಡ ವ್ಯತ್ಯಾಸ ಲ್ಯಾಬ್‌ನಲ್ಲಿ, ಕಲಿಸುವವರಲ್ಲಿ, ಜೊತೆಗಾರರಲ್ಲಿ. ಯಾವ ಕಾಲೇಜಿನಲ್ಲಿ ಈ ವರ್ಷ ಮೆಕ್ಯಾನಿಕಲ್‌ಗೆ ಎಷ್ಟು ಸೀಟಿದೆ ಎಂಬುದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟ್ ಪಟ್ಟಿಯಲ್ಲೇ ನೋಡಿ, ಬಾಯಿಮಾತು ನಂಬಬೇಡಿ.

ಎರಡನೇ ವರ್ಷದ ಥರ್ಮೋಡೈನಾಮಿಕ್ಸ್, ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್ ಈ ಮೂರೇ ಇಡೀ ಕಟ್ಟಡದ ಕಂಬಗಳು. ಮೂರನೇ ವರ್ಷದ ಹೀಟ್ ಟ್ರಾನ್ಸ್‌ಫರ್, ಟರ್ಬೋಮೆಷಿನ್, ಮೆಷಿನ್ ಡಿಸೈನ್ ಇವುಗಳ ಮೇಲೆಯೇ ನಿಲ್ಲುತ್ತವೆ. ಶಕ್ತಿನಗರದ ಅಥವಾ ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕಾಲೇಜಿನಿಂದ ಭೇಟಿ ಹೋಗುವ ಮೊದಲು ರ‍್ಯಾಂಕಿನ್ ಚಕ್ರದ (ನೀರು ಉಗಿಯಾಗಿ ಟರ್ಬೈನ್ ತಿರುಗಿಸಿ ಮತ್ತೆ ನೀರಾಗುವ ಸುತ್ತು) ಚಿತ್ರ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಬಾಯ್ಲರ್, ಟರ್ಬೈನ್, ಕಂಡೆನ್ಸರ್, ಫೀಡ್ ಪಂಪ್ ಎದುರು ನಿಂತು ಬಿಂದು ಗುರುತು ಮಾಡಿದರೆ ಆ ಪಾಠ ಮತ್ತೆ ಓದುವ ಅಗತ್ಯ ಬೀಳದು. ಸುಮ್ಮನೆ ಫೋಟೊ ತೆಗೆದು ಬಂದರೆ ದಿನ ಹೋಯಿತು.

ಪಾಸಾಗುವ ಲೆಕ್ಕ ಹೀಗೆ: ಒಳ ಮೌಲ್ಯಮಾಪನದ 50ರಲ್ಲಿ 20, ಕೊನೆಯ ಪರೀಕ್ಷೆಯ 100ರಲ್ಲಿ 35, ಎರಡೂ ಕೂಡಿ 40 ಶೇಕಡಾ. ಒಳ ಅಂಕ 20 ಮುಟ್ಟದವನಿಗೆ ಪರೀಕ್ಷೆಗೆ ಕೂರುವ ಅರ್ಹತೆಯೇ ಹೋಗುತ್ತದೆ, ಮೊದಲ ಟೆಸ್ಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆಷಿನ್ ಡಿಸೈನ್ ಪರೀಕ್ಷೆಗೆ ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಒಯ್ಯಬಹುದು, ಆದರೆ ಸೆಮಿಸ್ಟರ್ ಪೂರ್ತಿ ಅದನ್ನು ತೆರೆದಿಲ್ಲದವರು ಕೋಷ್ಟಕ ಹುಡುಕುವುದರಲ್ಲೇ ಸಮಯ ಕಳೆಯುತ್ತಾರೆ.

ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿ ಕೈಕೊಟ್ಟವರಿಗೂ ಬಾಗಿಲು ಮುಚ್ಚಿಲ್ಲ, ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು.

ಡಿಪ್ಲೊಮಾದಿಂದ ಬಿಇಗೆ ಹೋಗುವವರು ಬೀಳುವ ಹಳ್ಳ

ಇವರು ಬಿಇ ಮೊದಲ ವರ್ಷ ಓದುವುದಿಲ್ಲ. ಆ ವರ್ಷದಲ್ಲಿ ಇದ್ದದ್ದು ಎರಡು ಸೆಮಿಸ್ಟರ್ ಗಣಿತ. ಮೂರನೇ ಸೆಮಿಸ್ಟರ್‌ಗೆ ಕಾಲಿಟ್ಟ ದಿನವೇ ಪಾರ್ಶಿಯಲ್ ಡಿಫರೆನ್ಸಿಯೇಷನ್ ಗೊತ್ತಿದೆ ಎಂದುಕೊಂಡು ಪಾಠ ಸಾಗುತ್ತದೆ. ವರ್ಕ್‌ಶಾಪ್, ಡ್ರಾಯಿಂಗ್, ಮೆಷಿನ್ ಟೂಲ್‌ನಲ್ಲಿ ಪಿಯುಸಿಯವರಿಗಿಂತ ಎಷ್ಟೋ ಮುಂದೆ ಇರುವ ಹುಡುಗರು ಗಣಿತದಲ್ಲಿ ಬ್ಯಾಕ್‌ಲಾಗ್ ಹೊತ್ತು ಕೂರುವುದು ಇದಕ್ಕೇ. ಡಿಸಿಇಟಿ ಮುಗಿದ ದಿನದಿಂದ ತರಗತಿ ಶುರುವಾಗುವವರೆಗೆ ಸಿಗುವ ವಾರಗಳಲ್ಲಿ ಈ ಕ್ರಮದಲ್ಲಿ ಓದಿ: ಡಿಫರೆನ್ಸಿಯೇಷನ್ ಮತ್ತು ಚೈನ್ ರೂಲ್, ಇಂಟಿಗ್ರೇಷನ್, ಪಾರ್ಶಿಯಲ್ ಡಿಫರೆನ್ಸಿಯೇಷನ್, ಮೊದಲ ಮತ್ತು ಎರಡನೇ ಕ್ರಮದ ಡಿಫರೆನ್ಷಿಯಲ್ ಸಮೀಕರಣ, ಮ್ಯಾಟ್ರಿಕ್ಸ್. ದಿನಕ್ಕೆ ಹತ್ತು ಲೆಕ್ಕ, ಕೈಯಲ್ಲೇ ಬಿಡಿಸಬೇಕು, ವಿಡಿಯೊ ನೋಡಿದ್ದು ಲೆಕ್ಕಕ್ಕಿಲ್ಲ. ಇಷ್ಟು ಮಾಡಿದವನಿಗೆ ಈ ದಾರಿಯೇ ಮೂರರಲ್ಲಿ ಗಟ್ಟಿಯಾದದ್ದು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಸಾಧಾರಣ, ಮನೆಯಲ್ಲಿ ಹಣದ ಭರವಸೆ ಇಲ್ಲ, ಯಂತ್ರ ಕಂಡರೆ ಆಸೆ ಎಂಬ ಬಹುಪಾಲು ಮಕ್ಕಳಿಗೆ ನಾವು ಹೇಳುವುದು ಡಿಪ್ಲೊಮಾ, ಆಮೇಲೆ ಡಿಸಿಇಟಿ.

ತೋರಣಗಲ್ಲಿನ ಉಕ್ಕು, ದೋಣಿಮಲೈನ ಗಣಿ, ಹಟ್ಟಿಯ ಚಿನ್ನ, ಬೇವಿನಹಳ್ಳಿಯ ಎರಕ, ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಘಟಕಗಳು, ಇವೆಲ್ಲ ನಿಲ್ಲದೆ ಓಡುವ ಕಾರ್ಖಾನೆಗಳು. ಇಲ್ಲಿ ಹೆಚ್ಚಿನ ಕೆಲಸ ಹೊಸ ಯಂತ್ರ ವಿನ್ಯಾಸ ಮಾಡುವುದಲ್ಲ, ಓಡುವ ಕನ್ವೇಯರ್, ಪಂಪ್, ಗೇರ್‌ಬಾಕ್ಸ್, ಬ್ಲೋವರ್ ನಿಲ್ಲದಂತೆ ನೋಡಿಕೊಳ್ಳುವುದು. ಊರಲ್ಲೇ ಇರಬೇಕೆಂದರೆ ಆಯ್ಕೆಯ ವಿಷಯಗಳಲ್ಲಿ ಮೆಂಟೆನೆನ್ಸ್, ಹೈಡ್ರಾಲಿಕ್ಸ್, ವೆಲ್ಡಿಂಗ್, ಲೋಹಶಾಸ್ತ್ರ ಹಿಡಿಯಿರಿ. ವಿನ್ಯಾಸದ ಕಡೆ ಮನಸ್ಸಿದ್ದರೆ ಊರು ಬಿಡುವ ಸಿದ್ಧತೆಯೂ ಇರಲಿ. ಬಿಇ ಮೂರನೇ ವರ್ಷದಿಂದಲೇ ಎಂಟೆಕ್ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆಯಾದ ಗೇಟ್ ಬರೆಯಬಹುದು, ಕೇಂದ್ರ ಸರ್ಕಾರದ ಹಲವು ಉದ್ಯಮಗಳು ಅದರ ಅಂಕ ನೋಡಿ ಕರೆಯುತ್ತವೆ.

ಕಾಲೇಜು ನೋಡಲು ಹೋದಾಗ

ಪ್ರವೇಶದ ದಿನ ಹೋಗಬೇಡಿ, ಅಂದು ಎಲ್ಲ ಗುಡಿಸಿ ಇಟ್ಟಿರುತ್ತಾರೆ. ಸಾಮಾನ್ಯ ಕೆಲಸದ ದಿನ ಮಧ್ಯಾಹ್ನ ಎರಡರ ಮೇಲೆ ವರ್ಕ್‌ಶಾಪ್‌ಗೆ ಹೋಗಿ ಲೇತ್ ಕೆಳಗಿನ ತಟ್ಟೆ ನೋಡಿ. ಹೊಳೆಯುವ ಹೊಸ ಚಿಪ್ಸ್ ಇದ್ದರೆ ಯಂತ್ರ ಓಡುತ್ತಿದೆ. ತುಕ್ಕು ಹಿಡಿದ ಚಿಪ್ಸ್, ಇಲ್ಲವೇ ಧೂಳು ಮಾತ್ರ ಇದ್ದರೆ ಯಂತ್ರ ಪರೀಕ್ಷೆಯ ದಿನವಷ್ಟೇ ತಿರುಗುತ್ತದೆ. ಹಾಸಿನ ಮೇಲೆ ಬೆರಳು ಎಳೆಯಿರಿ, ಎಣ್ಣೆ ಹತ್ತಬೇಕು. ಸಿಎನ್‌ಸಿ ಯಂತ್ರ ಇದೆ ಎಂದರೆ ಆನ್ ಮಾಡಿ ತೋರಿಸಿ ಎನ್ನಿ, ಪಕ್ಕದ ಕಂಪ್ರೆಸರ್ ಕೆಟ್ಟು ನಿಂತಿದ್ದರೆ ಗಾಳಿ ಇಲ್ಲದೆ ಎಷ್ಟೋ ಯಂತ್ರಗಳಲ್ಲಿ ಟೂಲ್ ಬದಲಾಗುವುದೇ ಇಲ್ಲ. ಅಳತೆ ಸಾಧನಗಳ ಬೀರು ತೆರೆಸಿ ಮೈಕ್ರೋಮೀಟರ್ ಎಷ್ಟಿವೆ ಎಣಿಸಿ. ಇಪ್ಪತ್ತು ಮಕ್ಕಳ ಬ್ಯಾಚ್‌ಗೆ ಎರಡೇ ಇದ್ದರೆ ಹದಿನೆಂಟು ಜನ ಅಂಕಿ ಕೇಳಿ ಬರೆದುಕೊಳ್ಳುತ್ತಾರೆ. ಸೀನಿಯರ್ ಮೂವರ ಲ್ಯಾಬ್ ರೆಕಾರ್ಡ್ ಕೇಳಿ ನೋಡಿ. ಮೂರರಲ್ಲೂ ಕೊನೆಯ ದಶಾಂಶದವರೆಗೆ ಒಂದೇ ಅಂಕಿ ಇದ್ದರೆ ಆ ಪ್ರಯೋಗ ಯಾರೂ ಮಾಡಿಲ್ಲ. ಐಟಿಐ ನೋಡುವಾಗಲಂತೂ ಇವನ್ನು ಬಿಡಲೇಬೇಡಿ, ಯಂತ್ರವಿಲ್ಲದ ಐಟಿಐಯಲ್ಲಿ ಕಳೆದ ಎರಡು ವರ್ಷ ತಿರುಗಿ ಬರುವುದಿಲ್ಲ.

ಕಾಗದಪತ್ರ

ಸಂವಿಧಾನದ 371(ಜೆ) ವಿಧಿಯಡಿ 2013ರಿಂದ ನಮ್ಮ ಭಾಗದ ಕಾಲೇಜುಗಳ ಸೀಟಿನಲ್ಲಿ 70 ಶೇಕಡಾ ಸ್ಥಳೀಯರಿಗೆ, ಉಳಿದ ಕರ್ನಾಟಕದ ಕಾಲೇಜುಗಳಲ್ಲಿ 8 ಶೇಕಡಾ ಮೀಸಲು ಇದೆ. ಇದರ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಬಳ್ಳಾರಿ ಹುಡುಗನೊಬ್ಬ ಮೈಸೂರಿನ ಕಾಲೇಜು ಬಯಸಿದರೂ ಈ 8 ಶೇಕಡಾದಲ್ಲಿ ಅವಕಾಶವಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕೆಸಿಇಟಿಯಲ್ಲಿ ಇದಲ್ಲದೆ ಗ್ರಾಮೀಣ ಮೀಸಲು 15, ಕನ್ನಡ ಮಾಧ್ಯಮ ಮೀಸಲು 5 ಶೇಕಡಾ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ನಿಗದಿತ ನಮೂನೆಯಲ್ಲೇ ಬೇಕು. ನಡುವೆ ಒಂದು ವರ್ಷ ಪೇಟೆಯ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಮೀಸಲು ಸಿಗುವುದಿಲ್ಲ.

ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಹೆಸರಿನ ಕಾಗುಣಿತದಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, 371(ಜೆ) ಪತ್ರ, ಐದರಲ್ಲೂ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಇನಿಷಿಯಲ್ ಅಕ್ಷರ ಬಿಡದೆ ಒಂದೇ ರೀತಿ ಇರಬೇಕು. ಅಂಕಪಟ್ಟಿಯನ್ನೇ ಮೂಲವೆಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಹತ್ತನೇ ತರಗತಿಯ ಕೊನೆಯ ಪರೀಕ್ಷೆ ಮುಗಿದ ವಾರವೇ 371(ಜೆ) ಅರ್ಜಿ ಕೊಡಿ. ಫಲಿತಾಂಶ ಬಂದ ಮೇಲೆ ಹೋದರೆ ಇಡೀ ತಾಲ್ಲೂಕು ನಿಮ್ಮ ಜೊತೆ ಸಾಲಿನಲ್ಲಿ ನಿಂತಿರುತ್ತದೆ.